ತಡವಾಗಿ ತೆರೆದ ಬಾಗಿಲು

ನಮ್ಮ ಅಜ್ಜಿಗೆ ಓದಲು ಬರುತ್ತಿರಲಿಲ್ಲ. ಆದರೆ ಅಂಗಡಿಯಿಂದ ಬೆಲ್ಲವೋ ಮೆಣಸೋ ಕಟ್ಟಿ ತಂದ ಪೇಪರಿನ ತುಂಡನ್ನು ಅವರು ಎಂದೂ ಹಾಗೇ ಒಲೆಗೆ ಹಾಕಿದವರಲ್ಲ. ಮಡಿಕೆ ಬಿಡಿಸಿ, ಅಂಗೈಯಲ್ಲಿ ಸವರಿ, “ಇದರಲ್ಲಿ ಎಂತ ಉಂಟು, ಓದು ಮಗ” ಎಂದು ನನ್ನ ಕೈಗೆ ಕೊಡುತ್ತಿದ್ದರು. ಸುದ್ದಿ ಅರ್ಧಕ್ಕೇ ಹರಿದಿದ್ದರೆ, ಮುಂದೇನಾಗಿರಬಹುದು ಎಂದು ಸಂಜೆಯವರೆಗೂ ಕೇಳುತ್ತಿದ್ದರು.

ನಮ್ಮೂರು ಕಾಸರಗೋಡಿನ ಕಡೆ. 1990ರಲ್ಲಿ ಎರ್ನಾಕುಲಂ ದೇಶದ ಮೊದಲ ಸಂಪೂರ್ಣ ಸಾಕ್ಷರ ಜಿಲ್ಲೆ ಎನಿಸಿಕೊಂಡ ಮೇಲೆ ಸಾಕ್ಷರತಾ ಆಂದೋಲನ ಇಡೀ ಕೇರಳಕ್ಕೆ ಹಬ್ಬಿತು. ಸ್ವಯಂಸೇವಕರು ಮನೆಮನೆಗೆ ಹೋಗುತ್ತಿದ್ದರು. ನಮ್ಮ ಅಂಗಳಕ್ಕೂ ಒಬ್ಬಳು ಹುಡುಗಿ ಬಂದಳು. “ಅಜ್ಜಿ, ಸಂಜೆ ಒಂದು ಗಂಟೆ ಬರ್ತೀರಾ?” ಎಂದು ಕೇಳಿದಳು. ಅಜ್ಜಿಗೆ ಆಗ ಅರವತ್ತೈದರ ಆಸುಪಾಸು. ಅವರು ಸೆರಗಿಗೆ ಕೈ ಒರೆಸಿಕೊಂಡು ಮುಂದೆ ಬರುವಷ್ಟರಲ್ಲಿ, ಕಾಲೇಜು ಓದುತ್ತಿದ್ದ ನಾನು “ಈ ಪ್ರಾಯದಲ್ಲಿ ಇನ್ನೆಂತಕ್ಕೆ? ಅಜ್ಜಿ ಕೆಲಸಕ್ಕೆ ಹೋಗ್ಲಿಕ್ಕುಂಟಾ?” ಎಂದು ನಕ್ಕೆ. ಮನೆಯವರೆಲ್ಲ ನಕ್ಕರು. ಅಜ್ಜಿಯೂ ನಕ್ಕು ಒಳಗೆ ಹೋದರು.

ಮುಂದೆ ನಾನು ಇತಿಹಾಸದ ಮೇಷ್ಟ್ರಾದೆ. ಕಲಿಕೆಗೆ ವಯಸ್ಸಿಲ್ಲ ಎನ್ನಲು ತರಗತಿಯಲ್ಲಿ ರೋಮಿನ ಕೇಟೋನ ಕಥೆ ಹೇಳುತ್ತಿದ್ದೆ. ಗ್ರೀಕರ ವಿದ್ಯೆಯಿಂದ ರೋಮಿಗೆ ಕೇಡು ಎಂದು ದೂರುತ್ತಿದ್ದವನು ಮುಪ್ಪಿನಲ್ಲಿ ಕೂತು ಗ್ರೀಕ್ ಕಲಿತನಂತೆ. ಹಾಗೆಂದು ಅವನ ಬಾಯಲ್ಲಿ ಹೇಳಿಸಿದವನು ಸಿಸೆರೊ, ಅದೂ ಕೇಟೋ ತೀರಿಕೊಂಡು ನೂರು ವರ್ಷಗಳಾದ ಮೇಲೆ. ಅವನು ಕಲಿತದ್ದು ಅಷ್ಟು ತಡವಾಗಿಯೇ ಎಂಬ ಬಗ್ಗೆ ವಿದ್ವಾಂಸರಿಗೆ ಅನುಮಾನವಿದೆ. ನನ್ನನ್ನು ಕಾಡಿದ್ದು ಬೇರೆ ಮಾತು. ಕೇಟೋ ಕಾನ್ಸುಲ್ ಆಗಿದ್ದವನು, ಜಮೀನು, ಗುಲಾಮರು ಇದ್ದವನು. ಬೇಕೆಂದಿದ್ದರೆ ಮೂವತ್ತರಲ್ಲೇ ಕಲಿಯಬಹುದಿತ್ತು. ಮುಪ್ಪಿನವರೆಗೆ ಕಾದದ್ದು ಅವನ ಇಷ್ಟ.

ಹಾಗೆ ಆರಿಸಿಕೊಳ್ಳಲು ಆಗದವರ ಕಥೆ 2018ರಲ್ಲಿ ಪತ್ರಿಕೆಯಲ್ಲಿ ಕಣ್ಣಿಗೆ ಬಿತ್ತು. ಆಲಪ್ಪುಳ ಜಿಲ್ಲೆಯ ಕಾರ್ತ್ಯಾಯಿನಿ ಅಮ್ಮ ತಮ್ಮ 96ನೆಯ ವಯಸ್ಸಿನಲ್ಲಿ ಕೇರಳದ ‘ಅಕ್ಷರಲಕ್ಷಂ’ ಪರೀಕ್ಷೆ ಬರೆದು ನೂರಕ್ಕೆ 98 ಅಂಕ ಪಡೆದಿದ್ದರು. ಪರೀಕ್ಷೆಗೆ ಕೂತಿದ್ದ 40 ಸಾವಿರಕ್ಕೂ ಹೆಚ್ಚು ಜನರಲ್ಲಿ ಅವರೇ ಮೊದಲು. ಓದು ಮತ್ತು ಲೆಕ್ಕದಲ್ಲಿ ಪೂರ್ತಿ ಅಂಕ, ಹೋದ ಎರಡು ಅಂಕ ಬರವಣಿಗೆಯಲ್ಲಿ. ಇನ್ನು ಕಂಪ್ಯೂಟರ್ ಕಲಿಯಬೇಕು ಎಂದರು. ಶಿಕ್ಷಣ ಮಂತ್ರಿಗಳು ಲ್ಯಾಪ್‌ಟಾಪ್ ತಂದುಕೊಟ್ಟರು. ಗಂಡ ತೀರಿಕೊಂಡ ಮೇಲೆ ದೇವಸ್ಥಾನಗಳಲ್ಲಿ ಕಸ ಗುಡಿಸಿ ಮಕ್ಕಳನ್ನು ಸಾಕಿದ ಹೆಂಗಸು ಅವರು.

1991ರ ಏಪ್ರಿಲ್ 18ರಂದು ಕೇರಳ ಸಂಪೂರ್ಣ ಸಾಕ್ಷರವಾಯಿತೆಂದು ಕೋಝಿಕ್ಕೋಡಿನಲ್ಲಿ ಘೋಷಿಸಿದವರು ಆಗಷ್ಟೇ ಅಕ್ಷರ ಕಲಿತಿದ್ದ ಚೇಲಕ್ಕೋಡನ್ ಆಯಿಷಾ. ಅಂದು ಕಾರ್ತ್ಯಾಯಿನಿ ಅಮ್ಮನಿಗೆ ಎಪ್ಪತ್ತರ ಹತ್ತಿರ. ಅಂಥ ದೊಡ್ಡ ಆಂದೋಲನದ ಲೆಕ್ಕದಲ್ಲೂ ಅವರು ಹೊರಗೇ ಉಳಿದಿದ್ದರು.

ಕೆನ್ಯಾದ ಕಿಮಾನಿ ಮರೂಗೆಯದೂ ಇದೇ ಕಥೆ. 2004ರಲ್ಲಿ, 84ನೆಯ ವಯಸ್ಸಿನಲ್ಲಿ, ಯೂನಿಫಾರ್ಮ್ ಹಾಕಿಕೊಂಡು ಒಂದನೇ ತರಗತಿಗೆ ಸೇರಿದ ಮುದುಕ. ಬೈಬಲ್ಲನ್ನು ತಾನೇ ಓದಿ ತಿಳಿಯಬೇಕೆಂಬುದು ಅವನ ಹಟ. ಆ ವಯಸ್ಸಿನಲ್ಲಿ ಆಸೆ ಹುಟ್ಟಿತಲ್ಲ ಎಂದು ಜಗತ್ತು ಬೆರಗಾಯಿತು. ಆದರೆ ತಾರೀಕು ನೋಡಿ: ಕೆನ್ಯಾ ಸರ್ಕಾರ ಪ್ರಾಥಮಿಕ ಶಾಲೆಯ ಶುಲ್ಕ ತೆಗೆದುಹಾಕಿದ್ದು 2003ರಲ್ಲಿ. ಮರುವರ್ಷವೇ ಮರೂಗೆ ಶಾಲೆಯ ಬಾಗಿಲಲ್ಲಿದ್ದ.

ಇಂಥ ಸುದ್ದಿ ಬಂದಾಗಲೆಲ್ಲ ನಾವು ಮುದುಕರ ಉತ್ಸಾಹವನ್ನು ಹೊಗಳುತ್ತೇವೆ. ಹೊಗಳಬೇಕಾದ್ದೇ. ಆದರೆ ತೊಂಬತ್ತು ವರ್ಷ ಆ ಉತ್ಸಾಹ ಎಲ್ಲಿತ್ತು ಎಂದು ಕೇಳುವುದಿಲ್ಲ. ಅದು ಅಲ್ಲೇ ಇತ್ತು, ಕಸ ಗುಡಿಸುವ ಕೈಯಲ್ಲಿ, ಬೆಲ್ಲದ ಪೇಪರನ್ನು ಸವರುವ ಅಂಗೈಯಲ್ಲಿ. ತಡವಾದದ್ದು ಪುಸ್ತಕ, ಕಲಿಸುವವರು, ದಿನಕ್ಕೊಂದು ಗಂಟೆ ಬಿಡುವು, ಮತ್ತು ನಗದೆ ಇರುವ ಮನೆಯವರು. ಕಾರ್ತ್ಯಾಯಿನಿ ಅಮ್ಮ 2023ರಲ್ಲಿ, 101ನೆಯ ವಯಸ್ಸಿನಲ್ಲಿ ತೀರಿಕೊಂಡರು. ಓದು ಬರಹ ಅವರ ಜೊತೆಗಿದ್ದದ್ದು ಐದೇ ವರ್ಷ.

ಅಜ್ಜಿ ಅವರಿಗಿಂತ ಮೂರೋ ನಾಲ್ಕೋ ವರ್ಷ ಚಿಕ್ಕವರು. 2004ರಲ್ಲಿ ಹೋದರು. ಕೊನೆಯವರೆಗೂ ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿ, ಮನೆಗೆ ಬಂದು ಆ ಶಾಯಿಯನ್ನು ತಿಕ್ಕಿ ತೊಳೆಯುತ್ತಿದ್ದರು. ಈಗ ಕೇಟೋನ ಪಾಠ ಮಾಡುವಾಗ ಕಾರ್ತ್ಯಾಯಿನಿ ಅಮ್ಮನ ಕಥೆಯನ್ನೂ ಸೇರಿಸಿ ಹೇಳುತ್ತೇನೆ. ನನ್ನ ಅಜ್ಜಿಯ ಕಥೆ ಹೇಳಲು ಮಾತ್ರ ಇಷ್ಟು ವರ್ಷ ಬೇಕಾಯಿತು. ಅಂದು ಅಂಗಳದಲ್ಲಿ ನಿಂತ ಹುಡುಗಿ ಕೇಳಿದ್ದು ಅಜ್ಜಿಯನ್ನು. ಉತ್ತರ ಕೊಟ್ಟದ್ದು ನಾನು.