ಸಂದೇಶದ ಜೊತೆ ಹೋಗುವವರು

ಸುವರ್ಣ ಮಹೋತ್ಸವದ ಸಂಚಿಕೆಗೆ ಏನಾದರೂ ಬರೆದುಕೊಡಪ್ಪಾ ಎಂದು ಗುರುಗಳು ಕೇಳಿದಾಗ ನನಗೆ ನೆನಪಾದದ್ದು ನಮ್ಮ ತರಗತಿಯ ಗೋಡೆಯಲ್ಲಿ ತೂಗುತ್ತಿದ್ದ ಜೀವಕೋಶದ ಚಾರ್ಟು. ನಡುವೆ ದುಂಡನೆಯ ಕೋಶಕೇಂದ್ರ, ಅದರಲ್ಲಿ ಡಿಎನ್‌ಎ. ಅಲ್ಲಿಂದ ಹೊರಗಿನ ಕೋಶದ್ರವ್ಯಕ್ಕೆ ಒಂದೇ ಒಂದು ಬಾಣ, ಅದರ ಮೇಲೆ ‘ಎಂ-ಆರ್‌ಎನ್‌ಎ’ ಎಂಬ ಬರಹ. ನಾನು ಬಿ.ಇ. ಓದಿ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದವನು, ಜೀವಶಾಸ್ತ್ರ ನನ್ನ ವಿಷಯವಲ್ಲ. ಆದರೆ ನಮ್ಮ ಸಂಬಂಧಿಕರ ಮನೆಯ ಹುಡುಗನೊಬ್ಬನಿಗೆ ಥಲಸ್ಸೀಮಿಯಾ ಇದೆ. ಮೂರು-ನಾಲ್ಕು ವಾರಕ್ಕೊಮ್ಮೆ ಅವನನ್ನು ಹುಬ್ಬಳ್ಳಿಗೆ ಕರೆದೊಯ್ದು ರಕ್ತ ಹಾಕಿಸಬೇಕು. ಆ ಕಾಯಿಲೆ ಏನೆಂದು ಓದಲು ಕುಳಿತಾಗ ಈ ಬಾಣದ ಇತಿಹಾಸ ಕೈಗೆ ಸಿಕ್ಕಿತು.

ಡಿಎನ್‌ಎ ಕೋಶಕೇಂದ್ರ ಬಿಟ್ಟು ಕದಲುವುದಿಲ್ಲ. ಯಾವ ಪ್ರೋಟೀನು ಮಾಡಬೇಕೆಂದು ಅದರಲ್ಲಿ ಬರೆದಿರುವುದರ ನಕಲೇ ಎಂ-ಆರ್‌ಎನ್‌ಎ. ನಕಲು ಹೊರಗೆ ಬಂದ ಮೇಲೆ ರೈಬೋಸೋಮುಗಳು ಅದನ್ನು ಓದಿ ಪ್ರೋಟೀನು ಹೆಣೆಯುತ್ತವೆ. 1961ರಲ್ಲಿ ಬ್ರೆನ್ನರ್, ಜೇಕಬ್ ಮತ್ತು ಮೆಸೆಲ್ಸನ್ ಇಂಥ ನಕಲು ಇದೆಯೆಂದು ಪ್ರಯೋಗದಿಂದ ತೋರಿಸಿದರು. ಅವರು ಬಳಸಿದ್ದು ಬ್ಯಾಕ್ಟೀರಿಯಾ. ಅದಕ್ಕೆ ಕೋಶಕೇಂದ್ರವೇ ಇಲ್ಲ. ಗೋಡೆಯೇ ಇಲ್ಲದ ಮೇಲೆ ದಾಟುವ ಮಾತೆಲ್ಲಿ? ಚಾರ್ಟಿನ ಬಾಣ ಒಂಟಿಯಾಗಿ ಉಳಿದದ್ದಕ್ಕೆ ಇದೂ ಒಂದು ಕಾರಣವೆಂದು ನನಗನ್ನಿಸುತ್ತದೆ. 1964ರಲ್ಲೇ ರಷ್ಯಾದ ಸ್ಪಿರಿನ್, ಮೀನಿನ ಭ್ರೂಣಗಳಲ್ಲಿ ಈ ನಕಲು ಪ್ರೋಟೀನುಗಳನ್ನು ಮೈಗೆ ಹೊದ್ದುಕೊಂಡೇ ಇರುತ್ತದೆ ಎಂದಿದ್ದರು.

ದಾಟುವುದನ್ನು ಕಣ್ಣಾರೆ ತೋರಿಸಿದ್ದು ಒಂದು ನೊರಜಿನ ಮರಿ. ನಿಂತ ನೀರಿನ ಕೆಸರಿನಲ್ಲಿ ಕೆಂಪಗೆ ಹೊರಳಾಡುವ ದಾರದಂಥ ಹುಳುವನ್ನು ಕೆರೆಯಲ್ಲಿ ಈಸು ಬಿದ್ದವರೆಲ್ಲ ನೋಡಿರುತ್ತೀರಿ. ಅದರ ಹೆಸರು ಕೈರೊನೊಮಸ್. ಅದು ಜೊಲ್ಲಿನಿಂದ ನೂಲು ತೆಗೆದು ತನಗೊಂದು ಕೊಳವೆಮನೆ ಕಟ್ಟಿಕೊಳ್ಳುತ್ತದೆ. ಜೊಲ್ಲುಗ್ರಂಥಿಯ ವರ್ಣತಂತುಗಳು ಎಷ್ಟು ದಪ್ಪವೆಂದರೆ ಫ್ರಾನ್ಸಿನ ಬಾಲ್ಬಿಯಾನಿ 1881ರಷ್ಟು ಹಿಂದೆಯೇ ಅವುಗಳ ಮೇಲಿನ ಉಬ್ಬಿದ ಬಳೆಗಳನ್ನು ಗುರುತಿಸಿದ್ದರು. ನೂಲಿನ ಪ್ರೋಟೀನಿನ ನಕಲು ಆ ಬಳೆಗಳಲ್ಲೇ ಹುಟ್ಟುತ್ತದೆ. ಅದರ ಉದ್ದ 35ರಿಂದ 40 ಸಾವಿರ ಅಕ್ಷರ. ಅದು ಪ್ರೋಟೀನುಗಳೊಡನೆ ಸುತ್ತಿಕೊಂಡು ಉಂಡೆಯಾಗುತ್ತದೆ. ಉಂಡೆಯ ಅಗಲ ಸುಮಾರು 50 ನ್ಯಾನೋಮೀಟರ್. ಒಂದು ಮಿಲಿಮೀಟರಿನಲ್ಲಿ ಇಂಥ 20,000 ಉಂಡೆಗಳನ್ನು ಸಾಲಾಗಿ ಇಡಬಹುದು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕೆ ಅಷ್ಟು ದೊಡ್ಡದಿದ್ದರೆ ಸಾಕು.

ಸ್ವೀಡನ್ನಿನ ಬರ್ಟಿಲ್ ಡಾನೆಹೋಲ್ಟ್ ವರ್ಷಗಟ್ಟಲೆ ಈ ಉಂಡೆಗಳ ಬೆನ್ನು ಹತ್ತಿದರು. 1992ರಲ್ಲಿ ಅವರ ತಂಡ ಪ್ರಕಟಿಸಿದ ಚಿತ್ರಗಳಲ್ಲಿ ಉಂಡೆ ಕೋಶಕೇಂದ್ರದ ರಂಧ್ರದ ಬಾಯಿಗೆ ಬಂದು ಬಿಚ್ಚಿಕೊಳ್ಳುತ್ತದೆ. ಸೂಜಿಯ ಕಣ್ಣಿಗೆ ದಾರ ಪೋಣಿಸಿದಂತೆ ಮೊದಲ ತುದಿ ಮುಂದಾಗಿ ಹೊರಡುತ್ತದೆ. 1996ರಲ್ಲಿ ಅದೇ ತಂಡದವರು ಎಚ್‌ಆರ್‌ಪಿ36 ಎಂಬ ಪ್ರೋಟೀನಿಗೆ ಗುರುತು ಹಚ್ಚಿ ನೋಡಿದರು. ಅದು ಹುಟ್ಟಿದ ಜಾಗದಲ್ಲೇ ನಕಲನ್ನು ಹಿಡಿದುಕೊಂಡು, ರಂಧ್ರ ದಾಟಿ, ರೈಬೋಸೋಮುಗಳ ತನಕ ಬಿಡದೆ ಬಂದಿತ್ತು. ಬೇರೆ ಕೆಲವು ರಂಧ್ರದಲ್ಲೇ ಹಿಂದೆ ಉಳಿಯುತ್ತವೆ. ನಮ್ಮ ಕಡೆ ಮದುಮಗಳನ್ನು ಗಂಡನ ಮನೆಗೆ ಕಳಿಸುವಾಗ ಕೆಲವರು ಅಗಸಿಯಲ್ಲಿ ನಿಂತು ಕೈಬೀಸುತ್ತಾರೆ, ಕೆಲವರು ಜೊತೆಗೇ ಹೋಗಿ ನಾಲ್ಕು ದಿನ ಇದ್ದು ಬರುತ್ತಾರಲ್ಲ, ಹಾಗೆ.

ಹೋದವರು ಸುಮ್ಮನೆ ಕೂಡುವುದಿಲ್ಲ ಎಂಬ ಭಾಗದಲ್ಲಿ ಕರ್ನಾಟಕದ ಹೆಸರೂ ಇದೆ. ಯೀಸ್ಟಿನಲ್ಲಿ ಎನ್‌ಪಿಎಲ್‌3 ಎಂಬ ಪ್ರೋಟೀನು ನಕಲನ್ನು ಹೊರಗೆ ಕರೆತಂದು ತಾನು ಮತ್ತೆ ಒಳಗೆ ಹೋಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿರುವ ಪುರುಷಾರ್ಥ ರಾಜ್ಯಗುರು, ಅದಕ್ಕೂ ಮೊದಲು ಅಮೆರಿಕದಲ್ಲಿ ರಾಯ್ ಪಾರ್ಕರ್ ಜೊತೆ ಕೆಲಸ ಮಾಡುತ್ತಿದ್ದಾಗ, 2012ರಲ್ಲಿ ಇದೇ ಎನ್‌ಪಿಎಲ್‌3 ನಕಲನ್ನು ಓದಲು ಶುರುಮಾಡುವ ಯಂತ್ರದ ಒಂದು ಭಾಗವನ್ನು ಹಿಡಿದು ಓದು ತಡೆಯಬಲ್ಲದೆಂದು ತೋರಿಸಿದರು. ದಾರಿಗೆ ಜೊತೆಯಾದದ್ದೇ ‘ತಡಿ, ಈಗ ಬೇಡ’ ಎಂದೂ ಹೇಳಬಲ್ಲದು.

ಇನ್ನು ನಮ್ಮ ಹುಡುಗನ ಮಾತಿಗೆ ಬರುತ್ತೇನೆ. ನಮ್ಮ ಕೋಶಗಳಲ್ಲಿ ಮೊದಲು ತಯಾರಾಗುವ ನಕಲಿನಲ್ಲಿ ಬೇಡದ ತುಂಡುಗಳಿರುತ್ತವೆ; ಅವನ್ನು ಕತ್ತರಿಸಿ ಉಳಿದದ್ದನ್ನು ಜೋಡಿಸಬೇಕು. ಅದೇ ಸಂಸ್ಥೆಯ ಉಷಾ ವಿಜಯರಾಘವನ್ ಯೀಸ್ಟಿನಲ್ಲಿ ಬಹುಕಾಲ ಅಧ್ಯಯನ ಮಾಡಿದ್ದು ಈ ಕತ್ತರಿ ಕೆಲಸವನ್ನೇ. ಭಾರತದಲ್ಲಿ ಬೀಟಾ ಥಲಸ್ಸೀಮಿಯಾಕ್ಕೆ ಅತಿ ಹೆಚ್ಚು ಕಾರಣವಾಗುವ ದೋಷದಲ್ಲಿ ಒಂದೇ ಅಕ್ಷರ ತಪ್ಪಿ ಈ ಕತ್ತರಿ ಹಾದಿ ತಪ್ಪುತ್ತದೆ. ಸರಿಯಾಗಿ ಜೋಡಣೆಯಾದ ಕಡೆಯೂ ಬೆಸುಗೆಗೆ 20-24 ಅಕ್ಷರ ಮೊದಲು ಒಂದು ಪ್ರೋಟೀನು ಗುಂಪು ಮುದ್ರೆಯಂತೆ ಕೂರುತ್ತದೆ ಎಂದು 2000ದಲ್ಲಿ ತಿಳಿಯಿತು. ಅದೂ ನಕಲಿನ ಜೊತೆ ಹೊರಗೆ ಬರುತ್ತದೆ. ರೈಬೋಸೋಮು ಮೊದಲ ಸಲ ಓದುತ್ತ ಹೋದಂತೆ ಮುದ್ರೆಗಳು ಕಳಚಿ ಬೀಳುತ್ತವೆ. ‘ಮುಗಿಯಿತು’ ಎಂಬ ಗುರುತು ಬಂದ ಮೇಲೂ ಮುಂದೆ ಮುದ್ರೆ ಉಳಿದಿದ್ದರೆ, ಆ ನಕಲು ಕೆಟ್ಟದ್ದೆಂದು ಕೋಶ ಅದನ್ನು ನಾಶಮಾಡುತ್ತದೆ. ಥಲಸ್ಸೀಮಿಯಾದ ಹಲವು ಬಗೆಗಳಲ್ಲಿ ಆಗುವುದು ಇದೇ: ಕೆಟ್ಟ ಜೀನಿನಿಂದ ಹಿಮೋಗ್ಲೋಬಿನ್ನಿನ ಬೀಟಾ ಭಾಗ ತಯಾರಾಗುವುದೇ ಇಲ್ಲ. ಎರಡರಲ್ಲಿ ಒಂದೇ ಜೀನು ಕೆಟ್ಟವರಿಗೆ ಈ ನಾಶ ಉಪಕಾರವೇ, ಅರ್ಧಮರ್ಧ ಪ್ರೋಟೀನು ಹುಟ್ಟಿ ರಕ್ತಕೋಶವನ್ನು ಹಾಳುಮಾಡುವುದು ತಪ್ಪುತ್ತದೆ. ಅದಕ್ಕೇ ಅವರು ಸಾಮಾನ್ಯವಾಗಿ ಗಟ್ಟಿಮುಟ್ಟಾಗಿರುತ್ತಾರೆ, ತಮ್ಮಲ್ಲಿ ದೋಷವಿದೆಯೆಂದು ಗೊತ್ತೂ ಆಗುವುದಿಲ್ಲ. ಅಂಥ ಇಬ್ಬರು ಮದುವೆಯಾದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಂಭವ ನಾಲ್ಕರಲ್ಲಿ ಒಂದು. ಸೋದರಮಾವನ, ಅತ್ತೆಯ ಮಕ್ಕಳ ಸಂಬಂಧ ಬೆಳೆಸುವ ನಮ್ಮ ಮನೆಗಳಲ್ಲಿ ಹಾಗೆ ಇಬ್ಬರು ಕೂಡುವುದು ಇನ್ನೂ ಸುಲಭ. ನಮ್ಮ ಹುಡುಗನ ತಂದೆತಾಯಿಯೂ ಸೋದರಸಂಬಂಧದವರು, ಇಬ್ಬರೂ ಗಟ್ಟಿಮುಟ್ಟಾಗಿಯೇ ಇದ್ದಾರೆ. ಜಾತಕ ನೋಡಿಸಿದ್ದರು. ಎಚ್‌ಬಿ ಎ2 ಎಂಬ ರಕ್ತಪರೀಕ್ಷೆಯಿಂದ ಇದು ಮದುವೆಗೆ ಮೊದಲೇ ತಿಳಿಯುತ್ತದೆಂದು ಅವರಿಗೆ ಯಾರೂ ಹೇಳಿರಲಿಲ್ಲ.