ಮೌನದ ಮೇಲೆ ಹೊರಿಸಿದ ಭಾರ

ಒಂದು ಕಾಲದ ಇಂಗ್ಲೆಂಡಿನಲ್ಲಿ, ಕಟಕಟೆಯಲ್ಲಿ ನಿಂತು ಬಾಯಿ ಬಿಡದವರ ಎದೆಯ ಮೇಲೆ ಭಾರ ಹೇರುತ್ತಿದ್ದರು. ತಪ್ಪು ಮಾಡಿದೆನೆಂದೋ ಇಲ್ಲವೆಂದೋ ಆರೋಪಿ ನುಡಿಯದೆ ಜ್ಯೂರಿಯ ವಿಚಾರಣೆ ತೊಡಗುವಂತಿರಲಿಲ್ಲ. ತೀರ್ಪು ಬರದೆ ಅವನ ಸ್ವತ್ತು ಅರಸನ ಬೊಕ್ಕಸಕ್ಕೆ ಸೇರುವಂತಿರಲಿಲ್ಲ. ಹೆಂಡತಿ ಮಕ್ಕಳಿಗೆ ಆಸ್ತಿ ಉಳಿಯಲೆಂದು ತುಟಿ ಬಿಗಿಹಿಡಿದು ಸತ್ತವರುಂಟು. ಯಾರ್ಕ್ ನಗರದ ಮಾರ್ಗರೆಟ್ ಕ್ಲಿದರೋ ಕ್ಯಾಥೊಲಿಕ್ ಪಾದ್ರಿಗಳಿಗೆ ಆಶ್ರಯ ಕೊಟ್ಟ ಆರೋಪಕ್ಕೆ ಉತ್ತರಿಸಲೊಪ್ಪದೆ 1586ರಲ್ಲಿ ಹಾಗೆಯೇ ಅಸುನೀಗಿದಳು.

ಜ್ಯೂರಿಯೇ ಇಲ್ಲದ ಸ್ಟಾರ್ ಚೇಂಬರ್ ನ್ಯಾಯಾಲಯದ ರೀತಿ ಬೇರೆ. ಕೇಳಿದ್ದಕ್ಕೆಲ್ಲ ಉತ್ತರಿಸುವೆನೆಂದು ಅದು ಮೊದಲೇ ಪ್ರಮಾಣ ಮಾಡಿಸುತ್ತಿತ್ತು. ಜಾನ್ ಲಿಲ್ಬರ್ನ್ ಎಂಬ ತರುಣ ಆ ಪ್ರಮಾಣವನ್ನು ನಿರಾಕರಿಸಿದ. 1638ರಲ್ಲಿ ಲಂಡನ್ನಿನ ಬೀದಿಯುದ್ದಕ್ಕೂ ಛಡಿಯೇಟು ತಿಂದ. ಮೂರು ವರ್ಷ ಕಳೆದ ಮೇಲೆ ಪಾರ್ಲಿಮೆಂಟು ಆ ನ್ಯಾಯಾಲಯವನ್ನೇ ರದ್ದುಮಾಡಿತು. ಭಾರ ಹೇರುವ ಪದ್ಧತಿ ಮಾತ್ರ 1772ರವರೆಗೂ ಉಳಿಯಿತು. ಅದು ಹೋದ ಮೇಲೂ ಮೌನವನ್ನು ತಪ್ಪೊಪ್ಪಿಗೆಯೆಂದೇ ಎಣಿಸಿದರು. 1827ರ ಕಾನೂನು ಅದನ್ನು ತಿರುಗಿಸಿ, ಸುಮ್ಮನೆ ನಿಂತವನು ಆರೋಪವನ್ನು ಅಲ್ಲಗಳೆದಂತೆಯೇ ಎಂದಿತು.

1898ರಲ್ಲಿ ಆರೋಪಿಗೆ ತನ್ನ ಪರವಾಗಿ ಪ್ರಮಾಣಪೂರ್ವಕ ಸಾಕ್ಷಿ ನುಡಿಯುವ ಹಕ್ಕು ಎಲ್ಲ ಮೊಕದ್ದಮೆಗಳಲ್ಲೂ ದೊರೆಯಿತು. ಹಕ್ಕಿನ ಬೆನ್ನಿಗೇ ಸಂಶಯವೂ ಬಂತು: ಮಾತಾಡಬಲ್ಲವನು ಏಕೆ ಮಾತಾಡಲಿಲ್ಲ? ಆ ಮೌನವನ್ನು ಎತ್ತಿ ಆಡದಂತೆ ಕಾನೂನು ಪ್ರಾಸಿಕ್ಯೂಷನ್ನಿನ ಬಾಯಿ ಕಟ್ಟಿತು, ನ್ಯಾಯಾಧೀಶರ ಬಾಯಿ ಕಟ್ಟಲಿಲ್ಲ. ಅಂದಿನಿಂದ ಆರೋಪಿಯ ಅದೃಷ್ಟ ಅವರು ಜ್ಯೂರಿಗೆ ಹೇಳುವ ಕೊನೆಯ ಮಾತುಗಳಿಗೆ ಜೋತುಬಿದ್ದಿತು. 1968ರ ಬಾತ್‌ಹರ್ಸ್ಟ್ ಪ್ರಕರಣದಲ್ಲಿ ಮುಖ್ಯ ನ್ಯಾಯಾಧೀಶ ಲಾರ್ಡ್ ಪಾರ್ಕರ್ ಅದಕ್ಕೊಂದು ಮಾದರಿ ಹಾಕಿಕೊಟ್ಟರು: ಆರೋಪಿ ಸಾಕ್ಷಿ ನುಡಿಯಲೇಬೇಕೆಂದಿಲ್ಲ, ನುಡಿಯಲಿಲ್ಲವೆಂದು ಅವನನ್ನು ತಪ್ಪಿತಸ್ಥನೆಂದು ಭಾವಿಸಬೇಡಿ.

1994ರ ಕಾನೂನು ಆ ಕಟ್ಟನ್ನು ಸಡಿಲಿಸಿತು. ಪೊಲೀಸರ ಮುಂದಿನ ಮೌನದಿಂದಲೂ ಕಟಕಟೆಯ ಮೌನದಿಂದಲೂ ಜ್ಯೂರಿ ಪ್ರತಿಕೂಲ ಅರ್ಥ ತೆಗೆಯಬಹುದಾಯಿತು. ವಕೀಲರ ಸಲಹೆಯಂತೆ ಪೊಲೀಸರೆದುರು ಸುಮ್ಮನಿದ್ದ ಕಾಂಡ್ರನ್ ದಂಪತಿ ಶಿಕ್ಷೆಗೊಳಗಾದರು. 2000ದಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಅವರ ವಿಚಾರಣೆ ನ್ಯಾಯಯುತವಾಗಿರಲಿಲ್ಲವೆಂದಿತು. ಹೇಳಲು ಉತ್ತರವೇ ಇರಲಿಲ್ಲ ಎಂಬುದೊಂದೇ ಮೌನಕ್ಕೆ ಕಾರಣವೆಂದು ಮನಗಂಡರೆ ಮಾತ್ರ ಹಾಗೆ ಅರ್ಥೈಸಬಹುದೆಂದು ನ್ಯಾಯಾಧೀಶರು ಜ್ಯೂರಿಗೆ ತಿಳಿಸಿರಲಿಲ್ಲ.

ಅದೇ 1994ರ ಕಾನೂನಿನಲ್ಲಿ ಒಂದು ಕಾವಲೂ ಇದೆ: ಬರೀ ಮೌನವೊಂದನ್ನೇ ಆಧಾರವಾಗಿಟ್ಟುಕೊಂಡು ಯಾರನ್ನೂ ಅಪರಾಧಿಯೆಂದು ತೀರ್ಮಾನಿಸುವಂತಿಲ್ಲ.