ಹವಾಗುಣ ಮಾದರಿಗಳು

ವಾಯುಮಂಡಲ, ಸಾಗರ, ನೆಲ ಮತ್ತು ಹಿಮರಾಶಿಗಳ ನಡುವೆ ಶಾಖ ಹಾಗೂ ತೇವಾಂಶ ಹಂಚಿಕೆಯಾಗುವ ಬಗೆಯನ್ನು ಭೌತಶಾಸ್ತ್ರದ ಸಮೀಕರಣಗಳಲ್ಲಿ ನಿರೂಪಿಸಿ, ಅವುಗಳನ್ನು ಕಂಪ್ಯೂಟರಿನಲ್ಲಿ ಬಿಡಿಸುವ ಗಣಿತ ವ್ಯವಸ್ಥೆಗೆ ಹವಾಗುಣ ಮಾದರಿ ಎಂದು ಹೆಸರು. ಭೂಮಿಯನ್ನು ಸಾಮಾನ್ಯವಾಗಿ ನೂರು ಕಿ.ಮೀ. ಆಸುಪಾಸಿನ ಚೌಕಗಳಾಗಿ, ಅಂದರೆ ಜಾಲಕೋಶಗಳಾಗಿ ವಿಭಾಗಿಸಿ, ಪ್ರತಿ ಕೋಶದ ಉಷ್ಣತೆ, ಒತ್ತಡ ಮತ್ತು ಗಾಳಿಯನ್ನು ಹಂತಹಂತವಾಗಿ ಲೆಕ್ಕ ಹಾಕಲಾಗುತ್ತದೆ. ಕೋಶಕ್ಕಿಂತ ಚಿಕ್ಕದಾದ ಮೋಡಗಳ ಪರಿಣಾಮವನ್ನು ಅಂದಾಜು ಸೂತ್ರಗಳಿಂದ ಸೇರಿಸಬೇಕಾಗುವುದರಿಂದ ಮಾದರಿಗಳ ಅನಿಶ್ಚಿತತೆಯ ದೊಡ್ಡ ಪಾಲು ಅಲ್ಲಿಯೇ ಹುಟ್ಟುತ್ತದೆ.

ಇಂಗಾಲದ ಡೈಆಕ್ಸೈಡ್ ಹೆಚ್ಚಿದರೆ ಭೂಮಿ ಎಷ್ಟು ಬಿಸಿಯಾದೀತೆಂದು ಸ್ವೀಡನ್ನಿನ ಅರೇನಿಯಸ್ 1896ರಲ್ಲಿ ಕೈಲೆಕ್ಕದಿಂದಲೇ ಅಂದಾಜಿಸಿದ್ದನು. 1967ರಲ್ಲಿ ಮನಾಬೆ ಮತ್ತು ವೆದರಾಲ್ಡ್ ಕಂಪ್ಯೂಟರ್ ಮಾದರಿಯಿಂದ, ಆ ಅನಿಲ ಇಮ್ಮಡಿಯಾದರೆ ಉಷ್ಣತೆ ಎರಡು ಡಿಗ್ರಿ ಸೆಲ್ಸಿಯಸ್‌ಗಿಂತ ತುಸು ಹೆಚ್ಚು ಏರುವುದೆಂದು ತೋರಿಸಿದರು. ಮನಾಬೆಯವರಿಗೆ 2021ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು.

ಭಾರತದಲ್ಲಿ ಮುಂಗಾರಿನ ಮುನ್ಸೂಚನೆ 1886ರಲ್ಲಿ ಹವಾಮಾನ ತಜ್ಞ ಬ್ಲಾನ್‌ಫರ್ಡ್ ಹಿಮಾಲಯದ ಹಿಮವನ್ನು ಆಧರಿಸಿ ಕೊಟ್ಟ ವರದಿಯಿಂದ ಆರಂಭವಾಯಿತು. ವಸಂತ ಗೋವಾರಿಕರ್ ನೇತೃತ್ವದಲ್ಲಿ 1988ರಿಂದ ಬಳಕೆಗೆ ಬಂದ ಹದಿನಾರು ಸೂಚಕಗಳ ಸಂಖ್ಯಾಶಾಸ್ತ್ರೀಯ ಮಾದರಿಯು 2002ರಲ್ಲಿ ವಾಡಿಕೆಯ ಮಳೆಯನ್ನು ಸೂಚಿಸಿದರೂ ಶೇ. 19ರಷ್ಟು ಕೊರತೆಯಾಗಿ ಬರ ಬಿದ್ದಿತು. ಹಿಂದಿನ ವರ್ಷಗಳ ಹೋಲಿಕೆಯೊಂದನ್ನೇ ನೆಚ್ಚುವ ವಿಧಾನದ ಮಿತಿ ಇದರಿಂದ ಸ್ಪಷ್ಟವಾಯಿತು. 2012ರಲ್ಲಿ ಮಾನ್ಸೂನ್ ಮಿಷನ್ ಎಂಬ ಯೋಜನೆ ಆರಂಭವಾದ ಮೇಲೆ ಸಾಗರ ಮತ್ತು ವಾಯುಮಂಡಲಗಳನ್ನು ಒಟ್ಟಿಗೆ ಗಣಿಸುವ ಮಾದರಿಗಳು ಬಲಗೊಂಡವು. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ ರೂಪಿಸಿದ ಭೂವ್ಯವಸ್ಥಾ ಮಾದರಿಯು ಜಾಗತಿಕ ಹವಾಗುಣ ಅಧ್ಯಯನಗಳಲ್ಲಿಯೂ ಸೇರಿತು.

ಜಾಗತಿಕ ಉಷ್ಣತೆಯ ವಿಷಯದಲ್ಲಿ ಹವಾಗುಣ ಮಾದರಿಗಳು ನಂಬಿಕೆಗೆ ಅರ್ಹವೆಂದು ರುಜುವಾಗಿವೆ. 1991ರಲ್ಲಿ ಪಿನಟೂಬೊ ಜ್ವಾಲಾಮುಖಿ ಸಿಡಿದಾಗ ಹವಾಗುಣ ವಿಜ್ಞಾನಿ ಹ್ಯಾನ್ಸನ್ ತಂಡವು ಮುಂಚಿತವಾಗಿ ಹೇಳಿದ ಸುಮಾರು ಅರ್ಧ ಡಿಗ್ರಿಯ ತಂಪು ಮರುವರ್ಷ ಕಂಡುಬಂದಿತು. ಸ್ಥಳೀಯ ಮಳೆಯ ವಿಷಯ ಹಾಗಲ್ಲ. ಕೃಷ್ಣಾ ನದಿ ಹುಟ್ಟುವ ಮಹಾಬಳೇಶ್ವರದಲ್ಲಿ ವರ್ಷಕ್ಕೆ 5,000 ಮಿ.ಮೀ.ಗೂ ಹೆಚ್ಚು ಮಳೆಯಾದರೆ, ಸುಮಾರು 30 ಕಿ.ಮೀ. ಪೂರ್ವದ ವಾಯಿಯಲ್ಲಿ ಅದರ ಐದನೆಯ ಒಂದು ಭಾಗವೂ ಬೀಳುವುದಿಲ್ಲ. ಇವೆರಡೂ ಮಾದರಿಯ ಒಂದೇ ಕೋಶದಲ್ಲಿ ಬೆರೆತುಹೋಗಬಹುದು. ಅದೇ ಕೃಷ್ಣೆಯ ಕೆಳದಂಡೆಯ ಸೀಮೆಯಲ್ಲಿರುವ ಕಾಗವಾಡ ತಾಲ್ಲೂಕಿನ ಐನಾಪುರ ಮಳೆನೆರಳಿನ ಊರಾದರೂ, 2019ರ ಆಗಸ್ಟಿನಲ್ಲಿ ಕಂಡಂತೆ, ಆ ಸೀಮೆಯ ಹೊಳೆದಂಡೆಗೆ ನೆರೆ ಬರುವುದು ಘಟ್ಟದ ಮಳೆಯಿಂದ ಮತ್ತು ಜಲಾಶಯಗಳಿಂದ ಬಿಡುವ ನೀರಿನಿಂದ. ಆದುದರಿಂದ ಇಂತಹ ಪ್ರದೇಶಕ್ಕೆ ಒಂದೇ ಮಾದರಿಯ ಒಂದೇ ಅಂಕಿಯನ್ನು ಹಿಡಿಯದೆ, ಹಲವು ಮಾದರಿಗಳು ಸೂಚಿಸುವ ವ್ಯಾಪ್ತಿಯನ್ನು ಸೂಕ್ಷ್ಮ ಜಾಲಕೋಶಗಳ ಪ್ರಾದೇಶಿಕ ಲೆಕ್ಕ ಹಾಗೂ ನದಿಯ ಅಳತೆಗಳೊಡನೆ ಕೂಡಿಸಿ ನೋಡುವುದೇ ವಿವೇಕದ ಮಾರ್ಗ. ಬರ ಮತ್ತು ನೆರೆ ಎರಡಕ್ಕೂ ಸಿದ್ಧರಾಗಬೇಕಾದ ರೈತರಿಗೆ ಅಂತಹ ಮುನ್ಸೂಚನೆ ಅತ್ಯಗತ್ಯ.